ದಕ್ಷಿಣ ಕ್ಷೇತ್ರ ಮಾಹಾತ್ಮ್ಯೆ

ಗಾಂಧಿಬಜಾರಿನ ಹೋಟೆಲೊಂದರಲ್ಲಿ, ಎರಡನೆಯ ಕಾಫಿ ಬರುವ ಮುನ್ನವೇ, ರಾಯರು ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದ ಸ್ವಯಂವರ ಪುರಾಣವನ್ನು ತೆಗೆದರು.

“ಶಾಸ್ತ್ರಿಗಳೇ, 1977ರಲ್ಲಿ ಮಾಜಿ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆಯವರನ್ನು ಆರಿಸಿ ಲೋಕಸಭೆಗೆ ಅಧ್ಯಕ್ಷರನ್ನೇ ದಯಪಾಲಿಸಿದ, 1989ರಲ್ಲಿ ಗುಂಡೂರಾಯರನ್ನು ವರಿಸಿ ಎರಡೇ ವರ್ಷಕ್ಕೆ ಅರ್ಥಶಾಸ್ತ್ರಜ್ಞ ವೆಂಕಟಗಿರಿಗೌಡರಿಗೆ ಮಾಲೆ ಹಾಕಿದ ಈ ಚಂಚಲೆ, 1996ರಿಂದ ಅನಂತಕುಮಾರರನ್ನು ಆರು ಸಲ ಗೆಲ್ಲಿಸಿ ಪತಿವ್ರತೆಯಾದುದು ಹೇಗೆ?”

“ವಯಸ್ಸಾಯಿತಲ್ಲ, ರಾಯರೇ! ಆಧಾರ್ ಕೊಟ್ಟ ನಿಲೇಕಣಿಯವರೇ 2014ರಲ್ಲಿ ಬಂದು ನಿಂತರೂ, ಆಕೆ ಚೀಟಿಯನ್ನು ಭದ್ರವಾಗಿ ಇಟ್ಟುಕೊಂಡಳೇ ಹೊರತು ಮಾಲೆಯನ್ನು ಕೊಡಲಿಲ್ಲ.”

“ಅದಿರಲಿ, 2024ರಲ್ಲಿ ನೂರಕ್ಕೆ 53ರಷ್ಟು ಮಂದಿ ಮಾತ್ರ ಮತಗಟ್ಟೆಗೆ ಹೋದರಂತೆ, ಉಳಿದವರೆಲ್ಲಿದ್ದರು?”

“ಮರೆತಿರಾ? ಪ್ರಜಾಪ್ರಭುತ್ವದ ಅವನತಿಯನ್ನು ಕುರಿತು ಆ ದಿನವೆಲ್ಲ ನಾವು ಇಲ್ಲಿಯೇ ಚರ್ಚಿಸುತ್ತಿದ್ದೆವಲ್ಲ!”

ಅಷ್ಟರಲ್ಲಿ ಕಾಫಿ ಬಂದಿತು. ಸಕ್ಕರೆ ಕಡಮೆಯಾಗಿದ್ದುದರಿಂದ ಇಬ್ಬರೂ ಸರ್ಕಾರವನ್ನು ಬೈದರು.