ಆಡು ಮುಟ್ಟಿದ ವೈಫೈ

ಆಡು ಮುಟ್ಟದ ಸೊಪ್ಪಿಲ್ಲ ಎಂದು ಗಾದೆ ಕಟ್ಟಿದವರು ಯಾರೋ, ವರ್ತೂರಿನಲ್ಲಿ ಮೇಕೆ ಸಾಕಿದವರಂತೂ ಅಲ್ಲ. ಇಲ್ಲಿ ಮೇಕೆ ಬರೀ ಸೊಪ್ಪು ಮುಟ್ಟಿದರೆ ನಾವು ಚೆನ್ನರಾಯಸ್ವಾಮಿಗೆ ಕೈಮುಗಿಯುತ್ತೇವೆ. ಅದು ಮುಟ್ಟುವುದು ಫೈಬರ್ ಕೇಬಲ್ಲು, ಸಂಪಿನ ಮುಚ್ಚಳ, ಪಾರ್ಸಲ್ಲಿನ ರಟ್ಟು, ಒಣಗಲು ಹಾಕಿದ ಕಂಪನಿ ಟೀ ಶರ್ಟಿನ ತೋಳು.

ನಮ್ಮದು ಕೋಡಿಯಿಂದ ಒಳಗೆ ಬಂದರೆ ಸಿಗುವ ಹಳೇ ಮನೆ. ಮೂರು ಕಡೆ ಅಪಾರ್ಟ್‌ಮೆಂಟು, ನಾಲ್ಕನೆಯ ಕಡೆ ಅಪಾರ್ಟ್‌ಮೆಂಟು ಬರುತ್ತದೆಂಬ ಬೋರ್ಡು. ನಡುವೆ ಹಿತ್ತಲು, ಒಂದು ನುಗ್ಗೆ ಮರ, ಅಮ್ಮ, ಮತ್ತೆ ಚಂದ್ರಿ. ಮಾಲೂರಿನ ನೆಂಟರ ಮನೆಯಿಂದ ಬಂದ ಅವಳ ಬಿಳಿ ಮೈ ನೋಡಿ ಪಶುವೈದ್ಯರು ‘ನಂದಿದುರ್ಗ ತಳಿ ಇರಬೇಕು’ ಎಂದರು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಈ ಮೇಕೆಗೆ ದೇಶದ ತಳಿಗಳ ಪಟ್ಟಿಯಲ್ಲಿ ಹೆಸರಿದೆ. ಅದನ್ನು ಕೇಳಿಸಿಕೊಂಡ ದಿನದಿಂದ ಚಂದ್ರಿಗಿಂತ ಅಮ್ಮನಿಗೇ ಜಂಬ.

ಮೊದಲೆಲ್ಲ ಊರಿನ ಮೇಕೆಗಳು ಕೆರೆಯ ಅಂಚಿನಲ್ಲಿ ಮೇಯುತ್ತಿದ್ದವು. ಈಗ ಅಲ್ಲಿಗೆ ಬಿಡಲು ಅಮ್ಮ ಒಪ್ಪುವುದಿಲ್ಲ. ನೀರಿಗೇ ಬೆಂಕಿ ಹತ್ತಿಸಿಕೊಂಡ ಬೆಳ್ಳಂದೂರು ಕೆರೆ ನಮಗೆ ಮೇಲಿನ ಕೆರೆ. ಅದರ ಪ್ರಸಾದವೆಲ್ಲ ಹರಿದು ಬರುವುದು ನಮ್ಮ ಕೆರೆಗೆ. 2015ರ ಸುಮಾರಿಗೆ ಕೋಡಿಯಲ್ಲಿ ನೊರೆ ಎದ್ದು ರಸ್ತೆಗೆ ಹಾರಿ ಬೈಕಿನವರ ಮುಖಕ್ಕೆ ಮೆತ್ತಿಕೊಳ್ಳುತ್ತಿದ್ದುದನ್ನು ದೇಶವೆಲ್ಲ ಟೀವಿಯಲ್ಲಿ ನೋಡಿತು. ಹೂಳೆತ್ತುವ ಕೆಲಸ ಆದ ಮೇಲೂ ಅಮ್ಮನ ತೀರ್ಪು ಬದಲಾಗಿಲ್ಲ: “ಬಟ್ಟೆ ಒಗೆದ ನೀರು ಕುಡಿಯೋಕೆ ನನ್ನ ಮೇಕೆಗೇನು ಬಂದಿರೋದು?”

ಹೀಗಾಗಿ ಚಂದ್ರಿಯ ಲೋಕವೆಂದರೆ ಹಿತ್ತಲು. ಅಪಾಯ ತಪ್ಪಿತು ಎಂದುಕೊಳ್ಳುವವರು ಮೇಕೆಯ ಬಾಯನ್ನು ಹತ್ತಿರದಿಂದ ನೋಡಿಲ್ಲ. ಮೇಲ್ದವಡೆಯ ಮುಂದೆ ಹಲ್ಲೇ ಇಲ್ಲ, ಬರೀ ಗಟ್ಟಿ ವಸಡು. ಕೆಲಸವೆಲ್ಲ ತುಟಿಯದು. ನಾವು ಕೈಯಲ್ಲಿ ಮುಟ್ಟಿ ನೋಡುವುದನ್ನು ಅದು ತುಟಿಯಲ್ಲಿ ಮುಟ್ಟಿ ನೋಡುತ್ತದೆ. ಮೇಲ್ದುಟಿ ಆ ಕಡೆ ಈ ಕಡೆ ಚುರುಕಾಗಿ ಆಡುತ್ತದೆ, ಮೂಗು ಒಮ್ಮೆ ಅರಳುತ್ತದೆ, ಆಮೇಲೆ ತೀರ್ಮಾನ. ಮೇಕೆ ಎಲ್ಲವನ್ನೂ ತಿನ್ನುತ್ತದೆ ಎನ್ನುವುದು ಹಾಗಾಗಿ ಅರ್ಧ ಸುಳ್ಳು. ಎಲ್ಲವನ್ನೂ ವಿಚಾರಿಸಿಕೊಳ್ಳುತ್ತದೆ ಎನ್ನುವುದು ಪೂರ್ತಿ ನಿಜ. ವಿಚಾರಿಸಿಕೊಳ್ಳುವಾಗ ಬಾಯಿಗೆ ಬಂದ ಹಾಲಿನ ಪ್ಯಾಕೆಟ್ಟಿನ ಮೂಲೆ ಹೊಟ್ಟೆಗೆ ಇಳಿದರೆ ಕೆಟ್ಟಿತು. ಅದು ಕರಗುವುದೂ ಇಲ್ಲ, ಹೊರಗೂ ಬರುವುದಿಲ್ಲ. ಖನಿಜ ಲವಣದ ಇಟ್ಟಿಗೆಯೊಂದನ್ನು ಕೊಟ್ಟಿಗೆಯಲ್ಲಿ ನೇತುಹಾಕಿದ ಮೇಲೆ ಉಪ್ಪಿನ ಆಸೆಗೆ ಚಿಪ್ಸ್ ಕವರು ನೆಕ್ಕುವುದು ಕಮ್ಮಿಯಾಗಿದೆ.

ಮಹಡಿಯ ಬಾಡಿಗೆಯ ಹುಡುಗನಿಗೆ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಒಂದು ಬೆಳಿಗ್ಗೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡೇ ಇಳಿದು ಬಂದ. “ಅಂಕಲ್, ವೈಫೈ ಹೋಯ್ತು.” ಚಂದ್ರಿ ಅವನದೇ ಸ್ಕೂಟರಿನ ಸೀಟಿನ ಮೇಲೆ ಹಿಂಗಾಲಲ್ಲಿ ನಿಂತು, ನುಗ್ಗೆ ಕೊಂಬೆಯಿಂದ ಜೋತುಬಿದ್ದ ಕೇಬಲ್ಲನ್ನು ನಿಧಾನವಾಗಿ ಅಗಿಯುತ್ತಿದ್ದಳು. ಅದರಲ್ಲಿ ಕರೆಂಟು ಹರಿಯುವುದಿಲ್ಲ, ಬರೀ ಬೆಳಕು, ಅಷ್ಟರಮಟ್ಟಿಗೆ ಪುಣ್ಯ. ಹುಡುಗ ಸ್ವಲ್ಪ ಹೊತ್ತು ನೋಡಿ, “ನಂದೂ ಇದೇ ಕೆಲಸ ಅಂಕಲ್, ಎಲ್ಲಿ ಕಿತ್ಕೊಳ್ಳುತ್ತೆ ಅಂತ ನೋಡೋದು” ಎಂದ. ಅಂದಿನಿಂದ ಅವನ ಬಾಯಲ್ಲಿ ಅವಳು ‘ಮೇಡಂ’.

ಮೇಡಂ ಚಿಲಕ ತೆಗೆಯುವುದನ್ನೂ ಕಲಿತರು. 2014ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದವರು ಮೇಕೆಗಳಿಗೆ ಒಂದು ಪೆಟ್ಟಿಗೆ ಕೊಟ್ಟು ಪರೀಕ್ಷೆ ಮಾಡಿದ್ದರು. ಮೊದಲು ಹಗ್ಗ ಎಳೆಯಬೇಕು, ಆಮೇಲೆ ಸನ್ನೆಕೋಲು ಎತ್ತಬೇಕು, ಆಗ ತಿಂಡಿ. ಹೆಚ್ಚಿನವು ಕಲಿತವು, 10 ತಿಂಗಳು ಬಿಟ್ಟು ಕೇಳಿದರೂ ಮರೆತಿರಲಿಲ್ಲ. ನಾನು ಅಮ್ಮನಿಗೆ ಇದನ್ನು ಓದಿ ಹೇಳಿದೆ. “ಅಷ್ಟು ದೂರ ಹೋಗಿ ನೋಡಬೇಕಿತ್ತಾ?” ಎಂದವಳು ಚಿಲಕಕ್ಕೆ ಕೊಕ್ಕೆ, ಕೊಕ್ಕೆಗೆ ಹುರಿ, ಹುರಿಗೆ ತಾನೊಬ್ಬಳೇ ಬಿಚ್ಚಬಲ್ಲ ಗಂಟು ಹಾಕಿದಳು. ಸಂಪಿನ ಮುಚ್ಚಳದ ಮೇಲೆ ಒರಳುಕಲ್ಲು ಬಂದು ಕೂತಿದ್ದೂ ಆಗಲೇ. ಗ್ರೈಂಡರ್ ಬಂದ ಮೇಲೆ ಕೆಲಸವಿಲ್ಲದೆ ಮಲಗಿದ್ದ ಕಲ್ಲಿಗೆ ಮತ್ತೆ ನೌಕರಿ ಸಿಕ್ಕಿತು.

ಹಾಗಾದರೆ ಕಟ್ಟಿಹಾಕಿದರಾಯಿತಲ್ಲ ಎನ್ನುತ್ತೀರಿ. ಅಂಗಳದಲ್ಲಿ ಹಗ್ಗಕ್ಕಿಂತ ಕೆಟ್ಟ ವಸ್ತು ಇನ್ನೊಂದಿಲ್ಲ. ಕಾಂಪೌಂಡಿನ ಪಕ್ಕ ಕಟ್ಟಿದ ಮೇಕೆ ಗೋಡೆ ಹಾರಿದರೆ ಆಚೆ ಕಡೆ ನೇತಾಡುತ್ತದೆ. ಕುಣಿಕೆ ಗಂಟಾದರೆ ಎಳೆದಷ್ಟೂ ಬಿಗಿ. ಅಮ್ಮ ಕೊರಳಿಗೆ ಅಗಲವಾದ ಪಟ್ಟಿ ಹಾಕಿ, ಹಗ್ಗ ಹುರಿಗೊಳ್ಳದಂತೆ ನಡುವೆ ತಿರುಗುವ ಬಳೆ ಸೇರಿಸಿ, ಗೋಡೆ, ಮೆಟ್ಟಿಲು, ಸ್ಕೂಟರು ಯಾವುದೂ ಎಟುಕದ ಕಡೆ ಗೂಟ ಹೊಡೆಸಿದಳು. ನಮ್ಮ ಹಿತ್ತಲಲ್ಲಿ ಅಂಥ ಜಾಗ ಇರುವುದು ಒಂದೇ, ಬಾವಿ ಮುಚ್ಚಿಸಿದ ಕಡೆ.

ಪಕ್ಕದ ಅಪಾರ್ಟ್‌ಮೆಂಟಿನ ಬೇಲಿಯಿಂದ ಕಣಗಿಲೆ ನಮ್ಮ ಕಡೆಗೆ ಬಗ್ಗಿ ಗುಲಾಬಿ ಹೂ ಬಿಡುತ್ತದೆ. ಎಲೆಯಿಂದ ಬೇರಿನವರೆಗೆ ವಿಷ, ಒಂದಷ್ಟು ಎಲೆ ಸಾಕು ಹೃದಯ ನಿಲ್ಲಲು. ಹೆದ್ದಾರಿಯ ನಡುವೆ ಸಾಲಾಗಿ ನೆಡುವ ಗಿಡವೂ ಇದೇ. ಅಪಾರ್ಟ್‌ಮೆಂಟಿನ ಮಾಲಿಗೆ ಹೇಳಿದರೆ, “ಅಣ್ಣ, ದನ ತಿನ್ನಲ್ಲ ಅಂತಾನೇ ಇದನ್ನ ಹಾಕಿರೋದು” ಎಂದ. ಅವನ ಮಾತು ಹಸಿರೆಲೆಗೆ ಸರಿ, ಅದರ ಕಹಿಗೆ ಮೇಕೆ ಮೂತಿ ತಿರುಗಿಸುತ್ತದೆ. ಕತ್ತರಿಸಿ ಗುಡ್ಡೆ ಹಾಕಿ ಒಣಗಿದ ಮೇಲೆ ಕಹಿ ಇಳಿಯುತ್ತದೆ, ವಿಷ ಇಳಿಯುವುದಿಲ್ಲ. ಇದನ್ನು ತಿಳಿದ ಮೇಲೆ ಮಾಲಿ ಸವರಿದ ಕೊಂಬೆಗಳನ್ನು ಅಂದಂದೇ ಚೀಲ ಕಟ್ಟಿ ಸಾಗಿಸುತ್ತಾನೆ, ಹೋಗುವಾಗ ನಮ್ಮ ಗೋಡೆಯ ಮೇಲಿಂದ ಹಲಸಿನ ಸೊಪ್ಪು ಎಸೆಯುತ್ತಾನೆ. ಗೇಟೆಡ್ ಕಮ್ಯುನಿಟಿಯೊಳಗೆ ನಮಗಿರುವ ಒಬ್ಬನೇ ನೆಂಟ.

ವಿಷಕ್ಕಿಂತ ಹೆಚ್ಚು ಕಾಡುವುದು ಪ್ರೀತಿ. ಮೇಲಿನ ಮಹಡಿಗಳ ಅಜ್ಜಿಯರು ಮೊಮ್ಮಕ್ಕಳ ಕೈಹಿಡಿದು, ಗೃಹಪ್ರವೇಶದಲ್ಲಿ ಉಳಿದ ಪಲಾವು, ಹೋಳಿಗೆ ತರುತ್ತಾರೆ. ಮಗು ‘ಗೋಟ್, ಗೋಟ್’ ಎಂದು ಕುಣಿಯುವಾಗ ಬೇಡ ಎನ್ನಲು ಕಲ್ಲೆದೆ ಬೇಕು. ಮೇಕೆಯ ದೊಡ್ಡ ಹೊಟ್ಟೆಯೊಳಗೆ ಸೊಪ್ಪು ಕೊಳೆಸುವ ಸೂಕ್ಷ್ಮಜೀವಿಗಳ ಸಂಸಾರವಿದೆ. ಅಲ್ಲಿಗೆ ಏಕಾಏಕಿ ಅನ್ನವೋ ಹಿಟ್ಟೋ ಸುರಿದರೆ ಹುಳಿ ಏರಿ ಆ ಸಂಸಾರವೇ ಒಡೆಯುತ್ತದೆ. ಹೋಳಿಗೆಯ ರಾತ್ರಿ ಚಂದ್ರಿಯ ಎಡಪಕ್ಕೆ ಉಬ್ಬಿ, ತಟ್ಟಿದರೆ ಡಬ್ ಡಬ್ ಎನ್ನುತ್ತಿತ್ತು. ಮೆಲುಕು ನಿಂತು ಹಲ್ಲು ಕಡಿಯುತ್ತಿದ್ದಳು. ಪಶು ಸಹಾಯವಾಣಿ 1962ಕ್ಕೆ ಫೋನು, ಡಾಕ್ಟರು, ಅವರು ಹೇಳಿದಷ್ಟೇ ಅಡುಗೆ ಸೋಡಾ, ಅಂಗಳದಲ್ಲಿ ಅಡ್ಡಾಟ. ಬೆಳಗಿನ ಜಾವ ಅವಳು ಜೋರಾಗಿ ತೇಗಿದಾಗ ಅಮ್ಮ ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದಳು. ಈಗ ಗೇಟಿನ ಮೇಲೆ ಬೋರ್ಡಿದೆ: ‘ಮೇಕೆಗೆ ಊಟ ಆಗಿದೆ.’

ಬೀದಿನಾಯಿಗಳ ಮಾತು ಬೇರೆ. 2016ರ ಫೆಬ್ರವರಿಯಲ್ಲಿ ಕುಂದಲಹಳ್ಳಿಯ ಶಾಲೆಗೆ ಚಿರತೆ ನುಗ್ಗಿದ್ದನ್ನು ನೆನಪಿಸಿ ಹುಡುಗ ಅಮ್ಮನನ್ನು ಹೆದರಿಸಲು ನೋಡಿದ. “ಚಿರತೆ ಬಂದ್ರೆ ಟೀವಿಯವರು, ಅರಣ್ಯದವರು ಎಲ್ಲಾ ಬರ್ತಾರೆ ಕಣಪ್ಪ. ನಾಯಿ ಬಂದ್ರೆ ಯಾರು ಬರ್ತಾರೆ?” ಎಂದಳು ಅಮ್ಮ. ಕೊಟ್ಟಿಗೆಗೆ ರಾತ್ರಿ ಕಬ್ಬಿಣದ ಜಾಲರಿ ಬಾಗಿಲು.

ಉಳಿದಿದ್ದು ನಮ್ಮ ಸೋದರಮಾವ. ಬಂದಾಗಲೆಲ್ಲ ಚಂದ್ರಿಯ ಬೆನ್ನು ಸವರುತ್ತಾರೆ, ಸೊಂಟ ಹಿಡಿದು ನೋಡುತ್ತಾರೆ, “ಹದಿನೆಂಟು ಕೇಜಿ ಬೀಳ್ತದೆ” ಎನ್ನುತ್ತಾರೆ. ಆ ಸವರುವಿಕೆಯನ್ನು ಮುದ್ದು ಎಂದುಕೊಂಡು ಕೊರಳು ಚಾಚುವ ಚಂದ್ರಿಯನ್ನು ಕಂಡು ಹುಡುಗನಿಗೆ ಊಟ ಸೇರುತ್ತಿರಲಿಲ್ಲ. ನುಗ್ಗೆ ಮರ, ಕಣಗಿಲೆ, ಸಂಪು ಎಲ್ಲಕ್ಕೂ ಬಂದೋಬಸ್ತು ಮಾಡಬಹುದು. ಊರಹಬ್ಬಕ್ಕೆ ಹೇಗೆ ಮಾಡುವುದು?

ಮೊನ್ನೆ ಅವನ ಹನ್ನೊಂದು ತಿಂಗಳ ಬಾಡಿಗೆ ಕರಾರು ಮುಗಿಯಿತು. ಹೊಸದರಲ್ಲಿ ನಾನು ಎರಡು ಷರತ್ತು ಸೇರಿಸಿದ್ದೆ: ಬಟ್ಟೆ ತಂತಿ ಆರಡಿ ಮೇಲಿರಬೇಕು, ಸ್ಕೂಟರನ್ನು ಮರದ ಕೆಳಗೆ ನಿಲ್ಲಿಸಬಾರದು. ಅವನು ಎರಡೆರಡು ಸಲ ಓದಿ, ಜೇಬಿನಿಂದ ಪೆನ್ನು ತೆಗೆದು ತಾನೂ ಒಂದು ಬರೆದ: ಮೇಕೆಯನ್ನು ಮಾರುವುದಾಗಲಿ, ಹಬ್ಬಕ್ಕೆ ಬಳಸುವುದಾಗಲಿ ಮಾಡುವ ಮುನ್ನ ಬಾಡಿಗೆದಾರನಿಗೆ ಎರಡು ತಿಂಗಳ ನೋಟಿಸ್ ಕೊಡತಕ್ಕದ್ದು.

ಅಮ್ಮ ಕನ್ನಡಕ ಹಾಕಿಕೊಂಡು ಓದಿದಳು. “ಎರಡಲ್ಲ, ಹನ್ನೊಂದು ಅಂತ ಬರಿ” ಎಂದಳು.