ಗ್ವಾದಲಿಯಿಂದ ವಾಶ್‌ಬೇಸಿನ್‌ವರೆಗೆ: ಧಾರವಾಡ ಸೀಮೆಯ ಡಿಸೈನರ್ ಅತಿಥಿಗೃಹಗಳ ತಾತ್ತ್ವಿಕ ವಿವೇಚನೆ

ವಿಶ್ರಾಂತಿಯು ಭೂಗರ್ಭಶಾಸ್ತ್ರದ ಒಂದು ಉಪಶಾಖೆ. ಪೂರ್ವಸೂರಿಗಳು ಇದನ್ನು ಗಮನಿಸದೆ ಹೋದದ್ದು ಸೋಜಿಗ. ಹುಬ್ಬಳ್ಳಿ-ಧಾರವಾಡದ ಮೂಡಣಕ್ಕೆ, ಅಣ್ಣಿಗೇರಿ, ನವಲಗುಂದದ ಕಡೆ ಎರಿಭೂಮಿ. ಮಳೆ ಬಿದ್ದರೆ ಉಬ್ಬುತ್ತದೆ, ಬೇಸಗಿಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ಅಂಥ ಮಣ್ಣಿನ ಮೇಲೆ ನೆಲದಿಂದ ಸೂರಿನವರೆಗೆ ಗಾಜಿನ ಗೋಡೆ ಎಬ್ಬಿಸುವ ಧೈರ್ಯ ಯಾವ ಆರ್ಕಿಟೆಕ್ಟನಿಗೂ ಇಲ್ಲ. ಪಡುವಣಕ್ಕೆ ಕಲಘಟಗಿ, ಅಳ್ನಾವರದತ್ತ ಕೆಂಪು ಮಣ್ಣು, ಆಪೂಸ್ ತೋಪು, ಜಿಟಿಜಿಟಿ ಮಳೆ. ಗಾಜು ನಿಲ್ಲುವಲ್ಲಿ ವಿಶ್ರಾಂತಿಯೂ ನಿಲ್ಲುತ್ತದೆಯಾದ್ದರಿಂದ ಸದರಿ ಅತಿಥಿಗೃಹಗಳು ಪಶ್ಚಿಮಾಭಿಮುಖವಾಗಿವೆ. ನವಲಗುಂದದವರು 1980ರ ರೈತ ಬಂಡಾಯದಿಂದ ಹಿಡಿದು ಮಹದಾಯಿಯ ತನಕ ನೀರಿಗಾಗಿ ಬೀದಿಗಿಳಿಯುತ್ತಲೇ ಇರುವುದರಿಂದ ಅವರಿಗೆ ವಿಶ್ರಾಂತಿಯ ಪುರಸೊತ್ತೇ ಇಲ್ಲ ಎಂಬುದನ್ನು ಉಪಕಾರಣವಾಗಿ ಗಣಿಸಬಹುದು.

ಇನ್ನು ಅಧಿಕಾರಿ ವಿಚಾರ. ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಬೆಂಗಳೂರಿನಲ್ಲಿ ದುಡಿಯುವ, ಇದೇ ಸೀಮೆಯಲ್ಲಿ ಹುಟ್ಟಿದ, ಹುಟ್ಟಿದ ಊರಿಗೆ ಹೋಗಲೊಲ್ಲದ ಗೃಹಸ್ಥ. ಆತ 2023ರ ಜೂನ್‌ನಲ್ಲಿ ಶುರುವಾದ ವಂದೇ ಭಾರತ್ ಹತ್ತಿ ಬರುತ್ತಾನೆ. ಆಯಾಸವಿಲ್ಲದೆ ವಿಶ್ರಾಂತಿ ಸಿದ್ಧಿಸದು ಎಂಬುದು ಸರ್ವಸಮ್ಮತ. ಅದಕ್ಕೆಂದೇ ಹುಬ್ಬಳ್ಳಿ ನಿಲ್ದಾಣದಲ್ಲಿ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಕಟ್ಟಲಾಗಿದೆ ಎಂದು ನಮ್ಮ ಊಹೆ. ಇಷ್ಟು ಉದ್ದದ್ದು ಜಗತ್ತಿನಲ್ಲಿ ಇನ್ನೊಂದಿಲ್ಲ. ಟ್ರಾಲಿ ಬ್ಯಾಗ್ ಎಳೆಯುತ್ತ ಇದನ್ನು ಪೂರ್ತಿ ದಾಟಿದವನಿಗೆ ಯಾವ ಅತಿಥಿಗೃಹವಾದರೂ ಕೈಲಾಸವೇ.

ಛತ್ರ, ಐ.ಬಿ., ‘ಬೋರ್ಡಿಂಗ್ ಆ್ಯಂಡ್ ಲಾಜಿಂಗ್’ ಇತ್ಯಾದಿ ಪ್ರಾಚೀನ ರೂಪಗಳನ್ನು ಇಲ್ಲಿ ಚರ್ಚಿಸುವುದಿಲ್ಲ. ಅಲ್ಲಿ ಜನ ಮಲಗಲು ಹೋಗುತ್ತಿದ್ದರು, ಅಷ್ಟೆ.

ಪ್ರಸ್ತುತ ಲೇಖಕನ ಕ್ಷೇತ್ರಕಾರ್ಯ ನಡೆದದ್ದು ಧಾರವಾಡದ ಪಡುವಣದ ಒಂದು ಅತಿಥಿಗೃಹದಲ್ಲಿ. ಅದರ ವಾಸ್ತುವನ್ನು ತಿಳಿಯಬೇಕಾದರೆ ಮೊದಲು ನಮ್ಮ ಹಳೇ ಮನೆಯನ್ನು ತಿಳಿಯಬೇಕು. ಮುಂದೆ ಕಟ್ಟಿ. ಒಳಗೆ ಹೊಕ್ಕರೆ ತಗ್ಗಿನಲ್ಲಿ ದನ, ಅವಕ್ಕೆ ಮೇವು ಹಾಕುವ ಗ್ವಾದಲಿ. ಮೊಳ ಎತ್ತರದಲ್ಲಿ ಪಡಸಾಲಿ, ಅಲ್ಲಿ ಮಂದಿ. ಮೇಲೆ ಜಂತಿ, ಅದರ ಮೇಲೆ ಮಣ್ಣಿನ ಮಾಳಿಗಿ. ಸೋರದಿರಲೆಂದು ಪ್ರತಿ ಮಳೆಗಾಲಕ್ಕೆ ಮುಂಚೆ ಕರಲು ಮಣ್ಣು ಹರವಬೇಕು. ಬೆಳಕಿಗೆ ಒಂದು ಬೆಳಕಿಂಡಿ. ಜೋಳ ತುಂಬಿಡಲು ನೆಲದಡಿ ಹಗೇವು. ಈ ಮನೆಯನ್ನು ನಮ್ಮ ಹಿರಿಯರು ಯಾವ ದುಃಖವೂ ಇಲ್ಲದೆ, ಕೆಲವರಂತೂ ಸಿಹಿ ಹಂಚಿ, ಕೆಡವಿ ಸ್ಲ್ಯಾಬ್ ಹಾಕಿಸಿದರು. ತೊಲೆ, ಕಂಬ, ಬಾಗಿಲು ತೂಕದ ಲೆಕ್ಕದಲ್ಲಿ ಹೋದವು.

ಹೋದವು ಎಲ್ಲಿಗೆ? ಅತಿಥಿಗೃಹಕ್ಕೆ. ಬೆಳಕಿಂಡಿ ಅಲ್ಲಿ ಸ್ಕೈಲೈಟ್. ಹಗೇವಿನಲ್ಲಿ ಧ್ಯಾನ. ಒರಳಿನಲ್ಲಿ ತಾವರೆ. ಅಜ್ಜಿಯ ಕೌದಿಗೆ ಗೋಡೆಯ ಮೇಲೆ ಗಾಜಿನ ಚೌಕಟ್ಟು. ಹಾಸಿಗೆಯ ಮೇಲೆ ಬಿಳಿ ಡುವೆ, ನಡುಗಿದರೂ ಕೌದಿ ಹೊದೆಯುವಂತಿಲ್ಲ. ಮೇಲೆ ಹೊದಿಸಿದ್ದು ಹಳೇ ಮಂಗಳೂರು ಹಂಚು. 1865ರಲ್ಲಿ ಮಂಗಳೂರಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ತೆರೆದರು. ಧರ್ಮ ಹೇಳಲು ಬಂದವರ ಮಾತಿಗಿಂತ ಅವರ ಹಂಚೇ ಹೆಚ್ಚು ಮನೆ ಮುಟ್ಟಿತು. ಈಗ ಅದರ ಮೇಲಿನ ಹಾವಸೆಯನ್ನು ತೊಳೆಯಬಾರದೆಂದು ಆಳುಗಳಿಗೆ ಕಟ್ಟಪ್ಪಣೆ.

ಗ್ವಾದಲಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕರೀಕಲ್ಲಿನದು. ಒಂದು ಅಂಚು ಮಾತ್ರ ಎಣ್ಣೆ ಹಚ್ಚಿದಂತೆ ನುಣುಪು. ಎಷ್ಟೋ ತಲೆಮಾರು ಎತ್ತುಗಳು ಅಲ್ಲಿ ಕೊರಳು ಚಾಚಿ ಚಾಚಿ ಸವೆಸಿದ ನುಣುಪು. ಬದಿಗೆ ದಾಬು ಬಿಗಿಯುವ ತೂತು. ಅದರೊಳಗಿಂದ ಈಗ ಹಿತ್ತಾಳೆಯ ನಳ ಹೊರಬಂದಿದೆ. ಕೈ ಒಡ್ಡಿದರೆ ತಾನೇ ನೀರು ಬಿಡುತ್ತದೆ, ತೆಗೆದರೆ ತಾನೇ ನಿಲ್ಲುತ್ತದೆ. ಮುಂಜಾನೆ ಪ್ರಸ್ತುತ ಲೇಖಕ ಅದರ ಮೇಲೆ ಬಗ್ಗಿ ಹಲ್ಲುಜ್ಜಿದಾಗ ಕೊರಳು ತಾನಾಗಿಯೇ ಆ ನುಣುಪಿನ ಮೇಲೆ ಹೋಗಿ ಕೂತಿತು. ಎತ್ತಿಗೂ ಅತಿಥಿಗೂ ಇರುವ ಭೇದ ಬಾಡಿಗೆಯಿಂದ ಮಾತ್ರ ಸಿದ್ಧವಾಗುತ್ತದೆ. ಇದರಿಂದ ಹೊರಡುವ ಸೂತ್ರ: ಉಪಯೋಗ ತೀರಿದ ದಿನವೇ ವಸ್ತುವಿಗೆ ಸೌಂದರ್ಯ ಪ್ರಾಪ್ತಿ. ಈ ಸೂತ್ರ ಮನೆಯ ಹಿರಿಯರಿಗೆ ಅನ್ವಯಿಸದಿರುವುದು ಶಾಸ್ತ್ರದ ಮಿತಿ.

ಈಗ ಪ್ರಧಾನ ಪ್ರಶ್ನೆ: ಇಲ್ಲಿ ವಿಶ್ರಾಂತಿ ಹುಟ್ಟುವುದು ಯಾವುದರಿಂದ?

ನಿಶ್ಶಬ್ದದಿಂದ ಎಂದು ಪೂರ್ವಪಕ್ಷ. ಅದು ನಿಲ್ಲದು. ನಸುಕಿನಲ್ಲೇ ನವಿಲು ಕೂಗುತ್ತದೆ, ಕರೆಂಟ್ ಹೋದರೆ ಜನರೇಟರ್ ಕೂಗುತ್ತದೆ. ಹಸಿರಿನಿಂದ ಎಂದರೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಹಸಿರು ಪುಕ್ಕಟೆ ಇದೆ. ಅಲ್ಲಿ ಯಾರೂ ಮೂರು ರಾತ್ರಿಗೆ ಮುಂಗಡ ಕಟ್ಟುವುದಿಲ್ಲ. ಟಿ.ವಿ. ಇಲ್ಲದ್ದರಿಂದ ಎಂದರೆ, ನಮ್ಮ ಮನೆಯಲ್ಲೂ ಧಾರಾವಾಹಿಯ ವೇಳೆಗೆ ನನ್ನ ಪಾಲಿಗೆ ಟಿ.ವಿ. ಇಲ್ಲವೇ ಇಲ್ಲ.

ಸಿದ್ಧಾಂತ ಹೀಗಿದೆ. ಹಳ್ಳಿಗೆ ಹೋದವನನ್ನು ದಣಿಸುವುದು ದಾರಿಯಲ್ಲ, ಪ್ರಶ್ನೆ. ಬಸ್ಸಿಳಿದು ಕಟ್ಟಿಯ ಮೇಲೆ ಕೂಡುವುದರೊಳಗೆ ‘ಯಾವಾಗ ಬಂದ್ರಿ?’ ಚಾ ಮುಗಿಯುವುದರೊಳಗೆ ‘ಪಗಾರ ಎಷ್ಟೈತಿ ಈಗ?’ ಕೈತೊಳೆಯುವುದರೊಳಗೆ ‘ಮಗಳಿಗೆ ವರಾ ನೋಡೀರೇನು?’ ಹೊಟ್ಟೆ ತುಂಬಿದ ಮೇಲೆ ‘ಇನ್ನೊಂದ ರೊಟ್ಟಿ ಹಾಕೊಳ್ರಿ, ಏನ್ ಉಣ್ಣಾಕತ್ತೀರಿ!’ ಕಡೆಗೆ ರಾತ್ರಿ, ದನಿ ತಗ್ಗಿಸಿ, ‘ಆ ಹೊಲದ ಖಾತೆ ವಿಷಯ ಏನಾತು?’ ಅತಿಥಿಗೃಹದಲ್ಲಿ ಇರುವುದು ಒಂದೇ ಪ್ರಶ್ನೆ, ಅದೂ ಬಾಗಿಲಲ್ಲಿ: ಆಧಾರ್ ಕಾರ್ಡ್ ಐತೇನ್ರಿ? ಅಲ್ಲಿಂದಾಚೆ ಪರಮ ಮೌನ. ಅಲ್ಲಿ ಬಾಡಿಗೆಗೆ ಸಿಗುವುದು ಹಳ್ಳಿಮಂದಿಯನ್ನು ಕಳೆದ ಹಳ್ಳಿ.

ಈ ಕಳೆಯುವಿಕೆ ಏಕಾಏಕಿ ಆದದ್ದಲ್ಲ. ಶಿಗ್ಗಾವಿಯ ಹತ್ತಿರ ಹೆದ್ದಾರಿಯ ಪಕ್ಕ, ಗೊಟಗೋಡಿಯಲ್ಲಿ, ಕಲಾವಿದ ಟಿ.ಬಿ. ಸೊಲಬಕ್ಕನವರ ಉತ್ಸವ್ ರಾಕ್ ಗಾರ್ಡನ್ ಕಟ್ಟಿದರು. ಹಳ್ಳಿಯ ಬದುಕೆಲ್ಲ ಅಲ್ಲಿ ಆಳೆತ್ತರದ ಸಿಮೆಂಟಿನ ಶಿಲ್ಪಗಳಾಗಿ ನಿಂತಿದೆ. ಜೀವ ತುಂಬಿದ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿಗೆ ಹೋದ ಅಧಿಕಾರಿ ಪುರುಷನಿಗೆ ಹೊಳೆದದ್ದು ಬೇರೆ: ಹಳ್ಳಿಯವರು ಇದ್ದೂ ಏನೂ ಕೇಳುವುದಿಲ್ಲ! ಅತಿಥಿಗೃಹವು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಶಿಲ್ಪಗಳನ್ನೂ ತೆಗೆಯಿತು.

ಪ್ರತ್ಯುದಾಹರಣೆ ಹುಬ್ಬಳ್ಳಿಯ ಸಿದ್ಧಾರೂಢ ಮಠ. ಅಲ್ಲಿ ದಾಸೋಹ ಪುಕ್ಕಟೆ, ಎಡಕ್ಕೂ ಬಲಕ್ಕೂ ಜನ, ಪಂಕ್ತಿಯಲ್ಲಿ ಪಕ್ಕದವನು ‘ಯಾವೂರಾತ್ರೀ?’ ಎಂದೇ ಅನ್ನದ ಮೊದಲ ತುತ್ತು ಎತ್ತುತ್ತಾನೆ. ಪ್ರಶ್ನೆಗಳು ಹೆಚ್ಚಿದಷ್ಟೂ ದರ ಶೂನ್ಯದತ್ತ, ಕಡಿಮೆಯಾದಷ್ಟೂ ಅನಂತದತ್ತ ಸಾಗುತ್ತದೆ ಎಂಬ ನಿಯಮ ಇದರಿಂದ ಸಾಧಿತ.

ಆಹಾರ ಪ್ರಕರಣ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಜೋಳದ ರೊಟ್ಟಿಗೆ ಇಂಗ್ಲಿಷ್ ಹೆಸರು ಬಂತು, ಅಳತೆ ಅಂಗೈಯಷ್ಟಕ್ಕೆ ಇಳಿಯಿತು. ಅಗಲವಾದ ಕಪ್ಪು ತಟ್ಟೆಯ ನಡುವೆ ಝುಣಕದ ವಡಿ ಮೂರು. ಸುತ್ತ ಕೆಂಪಖಾರದ ಚುಕ್ಕಿ, ಗುರೆಳ್ಳು ಚಟ್ನಿಯ ಒಂದು ಗೆರೆ. ಮಿಕ್ಕ ಜಾಗ ಚಿಂತನೆಗೆ. ರೊಟ್ಟಿ ಬಡಿಯುವಾಕೆ ಗಾಜಿನ ಗೋಡೆಯ ಆಚೆ ಕೂತಿರುತ್ತಾಳೆ, ಅತಿಥಿಗಳು ಮೊಬೈಲ್ ಹಿಡಿದು ಈಚೆ ನಿಂತಿರುತ್ತಾರೆ. ಪಕ್ಕದ ಊರಿನಾಕೆ. ಸಂಜೆಯ ಬಸ್ಸಿಗೆ ಮರಳುವ ಅವಳ ಮನೆಗೆ ಸ್ಲ್ಯಾಬ್ ಇದೆ, ಟೈಲ್ಸ್ ಇದೆ, ಸ್ಟೀಲಿನ ಸಿಂಕ್ ಇದೆ. ಗ್ವಾದಲಿಯನ್ನು ಮಾರಿ ಬಂದ ರೊಕ್ಕದಲ್ಲೇ ಸಿಂಕ್ ಹಾಕಿಸಿದ್ದು ಎಂದು ಆಕೆಯೇ ಹೇಳಿದ್ದು. ಈ ಗ್ವಾದಲಿಯೇ ಆ ಗ್ವಾದಲಿಯೋ ಎಂಬುದನ್ನು ಪ್ರಸ್ತುತ ಸಂಶೋಧನೆ ಕೆದಕಲಿಲ್ಲ.

ಒಂದು ಆತಂಕಕಾರಿ ಸಂಗತಿಯನ್ನು ಮಾತ್ರ ದಾಖಲಿಸಲೇಬೇಕು. ಮರಳುವ ದಿನ ಗಾಜಿನ ಬಾಗಿಲು ಒಂದಿಷ್ಟು ಸರಿದಿತ್ತು. ಆಕೆ ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು ಕೇಳಿದಳು: ‘ಅಲ್ರೀ ಸಾಹೇಬ್ರ, ಊರಾಗ ನಿಮ್ಮವರು ಅಂತ ಯಾರೂ ಉಳದಿಲ್ಲೇನು?’ ಆವರೆಗೆ ಕೂಡಿಟ್ಟ ವಿಶ್ರಾಂತಿಯೆಲ್ಲ ಅಲ್ಲೇ ಖರ್ಚಾಯಿತು. ವ್ಯವಸ್ಥಾಪಕರ ಗಮನಕ್ಕೆ ತಂದಾಗ ಅವರು ತೀವ್ರವಾಗಿ ವಿಷಾದಿಸಿದರು. ಬಾಗಿಲಿಗೆ ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ಹಾಕಿಸುವುದಾಗಿಯೂ, ಬಿಲ್ಲಿನಲ್ಲಿ ಶೇಕಡಾ ಹತ್ತು ಬಿಡುವುದಾಗಿಯೂ ತಿಳಿಸಿದರು.