ಆರಂಭಶೂರರು

ನೌಕರಿಯಿಂದ ನಿವೃತ್ತರಾಗಿ ಹುಟ್ಟಿದೂರಿಗೆ ಮರಳಿ ನೆಲಸುವ ಮಹನೀಯರಲ್ಲಿ ನಾನಾ ವಿಧಗಳುಂಟು. ಶಿರಸ್ತೇದಾರಿಕೆ ಮಾಡಿ ಬಂದವರು ಮಗಳ ಮದುವೆಗೂ ಒಂದು ಕಡತವನ್ನು ತೆರೆಯುವರು. ಉಪಾಧ್ಯಾಯ ವೃತ್ತಿಯಲ್ಲಿದ್ದವರು ಬೀಗರ ಕಾಗದದ ಕಾಗುಣಿತವನ್ನು ತಿದ್ದಿದ ಹೊರತು ಅದರ ಒಕ್ಕಣೆಯನ್ನು ಓದಲಾರರು. ಆದರೆ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಕೈ ಪಳಗಿಸಿಕೊಂಡು, ಜಕ್ಕೂರಿನ ಹಾರಾಟದ ಶಾಲೆಯಲ್ಲಿ ಮೆಕ್ಯಾನಿಕ್ಕರಾಗಿ ಆಯುಷ್ಯದ ಉತ್ತಮಭಾಗವನ್ನು ಕಳೆದು ಹಿಂದಿರುಗಿದವರದು ಇವೆಲ್ಲಕ್ಕಿಂತ ವಿಲಕ್ಷಣವಾದ ಪಂಗಡ. ಇವರ ಸನ್ನಿಧಿಯಲ್ಲಿ ಯಾರೂ ಯಾವ ಯಂತ್ರವನ್ನೂ ತಾವಾಗಿ ಚಾಲೂ ಮಾಡುವಂತಿಲ್ಲ.

ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ರಸ್ತೆಯಲ್ಲಿ, ಹಿಮವದ್ಗೋಪಾಲಸ್ವಾಮಿ ಬೆಟ್ಟದ ದಾರಿ ಕವಲೊಡೆಯುವ ಹಂಗಳದಲ್ಲಿ ಇಂಥವರೊಬ್ಬರಿದ್ದಾರೆ. ತಂದೆತಾಯಿಗಳಿಟ್ಟ ಹೆಸರನ್ನು ಊರು ಎಂದೋ ಮರೆತಿದೆ. ಈಗ ಅವರು ವಿಮಾನದಯ್ಯನವರು. ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಯೋಗದಿಂದ 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಅವರು ಹುಡುಗನಾಗಿ ಹೊಕ್ಕವರು, ಮತ್ತು ಅಂದಿನಿಂದ ಅವರ ಪಂಚಾಂಗವೇ ಬೇರೆಯಾಯಿತು. ಹಿರಿಯ ಮಗಳ ಜನ್ಮದಿನವನ್ನು ಕೇಳಿದರೆ, 1951ರ ಆಗಸ್ಟಿನಲ್ಲಿ ಘಾಟಗೆಯವರು ರೂಪಿಸಿದ ವಿಮಾನವಾದ ಎಚ್‌ಟಿ-2 ಮೊದಲು ಹಾರಿದುದನ್ನು ಹೇಳಿ, ಅದಾದ ಹತ್ತು ದಿನಕ್ಕೆ ಎನ್ನುವರು. ಮಗನದನ್ನು ಕೇಳಿದರೆ 1958ರ ಸೆಪ್ಟೆಂಬರು, ಪುಷ್ಪಕ ಮೇಲೇರಿದ ತಿಂಗಳು ಎಂಬ ಉತ್ತರ ಬರುವುದು. ಎರಡು ಸಂದರ್ಭಗಳಲ್ಲಿಯೂ ಯಜಮಾನರು ಮನೆಯಲ್ಲಿರಲಿಲ್ಲವೆಂಬ ಅಂಶವನ್ನು ಅವರ ಪತ್ನಿ ಒಳಗಿನಿಂದಲೇ ಸೇರಿಸುವುದುಂಟು.

ಪುಷ್ಪಕವೆಂಬುದು ಬಟ್ಟೆ ಹೊದಿಸಿದ ರೆಕ್ಕೆಗಳ, ಇಬ್ಬರು ಪಕ್ಕಪಕ್ಕದಲ್ಲಿ ಕೂರುವ, ತೊಂಬತ್ತು ಅಶ್ವಶಕ್ತಿಯ ಕಾಂಟಿನೆಂಟಲ್ ಇಂಜಿನ್ನಿನ ಪುಟ್ಟ ವಿಮಾನ. ಅದರ ಪ್ರೊಪೆಲರನ್ನು ಎದುರಿಗೆ ನಿಂತ ಮನುಷ್ಯನೊಬ್ಬನು ಎರಡೂ ಕೈಗಳಿಂದ ಬೀಸಿ ತಿರುಗಿಸಬೇಕಾಗಿತ್ತು. ಜಕ್ಕೂರಿನಲ್ಲಿ ಆ ಮನುಷ್ಯರು ನಮ್ಮ ಅಯ್ಯನವರು. ಎಳೆಯ ವಯಸ್ಸಿನ ಅದೆಷ್ಟೋ ಮಂದಿ ಶಿಷ್ಯರು ಅವರು ಹೊತ್ತಿಸಿಕೊಟ್ಟ ಇಂಜಿನ್ನಿನ ಬಲದಿಂದ ಹಾರಿಹೋಗಿ, ದೊಡ್ಡ ದೊಡ್ಡ ವಿಮಾನಗಳ ಕ್ಯಾಪ್ಟನ್ನರಾದರು. ಅಯ್ಯನವರು ಚಕ್ರಕ್ಕೆ ಒತ್ತಿಟ್ಟಿದ್ದ ಮರದ ತುಂಡನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮುಂದಿನ ವಿಮಾನದತ್ತ ನಡೆದರು. ಹೀಗೆ ಮೂರು ದಶಕಗಳ ಪರ್ಯಂತ ಆರಂಭವೊಂದನ್ನೇ ಉಪಾಸಿಸಿದ ಜೀವಕ್ಕೆ, ಆರಂಭವಾದ ಮೇಲೆ ಲೋಕದಲ್ಲಿ ನಡೆಯುವ ವ್ಯವಹಾರವೆಲ್ಲವೂ ಅಪ್ರಸ್ತುತವಾಗಿ ತೋರಿದರೆ ಆಶ್ಚರ್ಯವೇನು?

ಮಾರ್ಗಶಿರದ ಒಂದು ಬೆಳಗ್ಗೆ, ಬೆಟ್ಟದಿಂದಿಳಿದ ಮಂಜು ಚೆಂಡುಹೂವಿನ ಹೊಲಗಳ ಮೇಲಿನ್ನೂ ಕವಿದಿದ್ದ ಹೊತ್ತಿನಲ್ಲಿ, ನೆರೆಯ ಒಕ್ಕಲಿನ ಬಾವಿಯ ಬಳಿ ಅವರ ವೈಭವವನ್ನು ನಾನು ಕಂಡೆನು. ಅಲ್ಲಿದ್ದುದು ಪೆಟ್ರೋಲಿನಲ್ಲಿ ಹೊತ್ತಿಕೊಂಡು ಸೀಮೆಎಣ್ಣೆಯಲ್ಲಿ ಓಡುವ ಸಣ್ಣ ಇಂಜಿನ್ನು. ಹಗ್ಗ ಸುತ್ತಿ ಎಳೆದೆಳೆದು ಒಕ್ಕಲಿಗನ ತೋಳು ಸೋತಿತ್ತು. ಅಯ್ಯನವರು ಬಂದವರೇ ಹಗ್ಗವನ್ನು ಕಿತ್ತುಕೊಂಡು ಪ್ರವಚನಕ್ಕೆ ತೊಡಗಿದರು. ಉರಿಯತಕ್ಕದ್ದು ಪೆಟ್ರೋಲಲ್ಲ, ಪೆಟ್ರೋಲಿನ ಆವಿ. ಈ ಚಳಿಯಲ್ಲಿ ಅದರ ಅತ್ಯಂತ ಹಗುರವಾದ ಅಂಶವೊಂದೇ ಆವಿಯಾಗುವುದು, ಮಿಕ್ಕದ್ದು ಕೊಳವೆಯ ಗೋಡೆಗೆ ಅಂಟಿಕೊಂಡು ಸುಮ್ಮನಿರುವುದು. ಆದಕಾರಣ ಅಗತ್ಯಕ್ಕಿಂತ ಹೆಚ್ಚಾಗಿ ಹಸಿ ಪೆಟ್ರೋಲನ್ನು ಸಿಲಿಂಡರಿನ ಬಾಗಿಲಿಗೇ ಒಯ್ದು ಉಣಿಸಬೇಕು. ವಿಮಾನದಲ್ಲಾದರೆ ಇದಕ್ಕೆಂದೇ ಪ್ರೈಮರೆಂಬ ಪುಟ್ಟ ಕೈಪಂಪು ಇರುತ್ತದೆ. ಚಳಿಗೆ ನಾಲ್ಕು ಒತ್ತು, ಬಿಸಿಲಿಗೆ ಎರಡು, ಆಗತಾನೆ ಇಳಿದು ಬಂದ ಬಿಸಿ ಇಂಜಿನ್ನಿಗೆ ಸೊನ್ನೆ. ಇಷ್ಟು ಹೇಳಿ ಅವರು ಅಂಗಿಯ ಜೇಬಿನಿಂದ ಮೊಮ್ಮಗನ ಶಾಯಿ ತುಂಬುವ ಫಿಲ್ಲರನ್ನು ತೆಗೆದು, ತುದಿಯನ್ನು ಪಂಚೆಯ ಅಂಚಿನಿಂದ ಒರಸಿ, ಕಾರ್ಬೊರೇಟರಿನ ಬಾಯಿಗೆ ತೊಟ್ಟು ತೊಟ್ಟಾಗಿ, ಹಸುಗೂಸಿಗೆ ವಸೆ ಹಾಕುವ ಅಜ್ಜಿಯ ತಾಳ್ಮೆಯಿಂದ ಪೆಟ್ರೋಲು ಬಿಟ್ಟರು.

ತರುವಾಯ ದನ ಕಾಯುವ ಹುಡುಗನೊಬ್ಬನನ್ನು ಇಂಜಿನ್ನಿನ ಪಕ್ಕಕ್ಕೆ ನಿಲ್ಲಿಸಿ, ತಾವು ಎರಡು ಹೆಜ್ಜೆ ಹಿಂದೆ ಸರಿದು, ಜಕ್ಕೂರಿಗೆ ಕೇಳಿಸುವಂತೆ ಕೂಗಿದರು: "ಸ್ವಿಚ್ ಆಫ್!"

"ಆಪು ಬುದ್ಧಿ."

"ಪೆಟ್ರೋಲ್ ಆನ್!"

"ಆನು ಬುದ್ಧಿ."

"ನಾನು ಹೇಳಿದ್ದನ್ನು ಹೇಳಿದ ಹಾಗೇ ಹೇಳಬೇಕು ಕಣೋ, ಬುದ್ಧಿ ಗಿದ್ಧಿ ಸೇರಿಸಬಾರದು. ಮೊದಲಿನಿಂದ ಬಾ. ಸ್ವಿಚ್ ಆಫ್!"

ಒಕ್ಕಲಿಗನು ತಲೆಯ ವಸ್ತ್ರವನ್ನು ಬಿಚ್ಚಿ ಕೊಡವುತ್ತ, "ನೀವು ಕೂಗಿ ಮುಗಿಸೋ ಹೊತ್ಗೆ ಮಳೆನೇ ಬಂದ್ಬುಟ್ಟಾತು ಬುದ್ಧಿ" ಎಂದನು. ಅಯ್ಯನವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಸ್ವಿಚ್ಚು ಆಫ್ ಇರುವಾಗಲೇ ಮೆಲ್ಲಗೆ ಕೆಲವು ಸುತ್ತು ಎಳೆದು ಇಂಜಿನ್ನಿಗೆ ಪೆಟ್ರೋಲು ಕುಡಿಸಿ, "ಕಾಂಟ್ಯಾಕ್ಟ್!" ಎಂದು ಗರ್ಜಿಸಿ, ಹಗ್ಗವನ್ನು ಒಮ್ಮೆ ಸೆಳೆದರು. ಒಂದೇ ಸೆಳೆತ. ಇಂಜಿನ್ನು ಹೊತ್ತಿಕೊಂಡು ಮಂಜಿನಲ್ಲಿ ಪಟಪಟನೆ ಕೂಗತೊಡಗಿತು. ಅಯ್ಯನವರು ಕೈಯೊರಸಿಕೊಂಡು ಮನೆಯ ದಾರಿ ಹಿಡಿದರು.

"ಇಂಜಿನ್ ಕೂಗ್ತಾ ಅದ, ನೀರೇ ಬತ್ತಿಲ್ವಲ್ಲ ಬುದ್ಧಿ!" ಎಂದು ಒಕ್ಕಲಿಗನು ಹಿಂದಿನಿಂದ ಕೂಗಿದನು. ಪಂಪಿನ ಹೊಟ್ಟೆಗೆ ನೀರು ತುಂಬಿಸಿ ಅದರೊಳಗಿನ ಗಾಳಿಯನ್ನು ಹೊರಡಿಸುವುದನ್ನು ಈ ಸಡಗರದಲ್ಲಿ ಎಲ್ಲರೂ ಮರೆತಿದ್ದರು. ಅಯ್ಯನವರು ತಿರುಗಿ ನೋಡದೆ, "ನೀರು ನನ್ನ ಇಲಾಖೆಯಲ್ಲ" ಎಂದರು.

ಇವರ ಮಾತು ಸುಳ್ಳಾಗಿದ್ದರೆ ಊರು ಸುಲಭವಾಗಿ ಸಹಿಸಿಕೊಳ್ಳುತ್ತಿತ್ತು. ಅದು ಪ್ರತಿಸಲವೂ ನಿಜವಾಗುವುದೇ ದುಸ್ಸಹವಾದದ್ದು. ಬೆಟ್ಟದ ದೇವರ ದರ್ಶನಕ್ಕೆ ಹೊರಟ ಮೇಷ್ಟರೊಬ್ಬರು ಸ್ಕೂಟರನ್ನು ಒದ್ದು ಒದ್ದು ಬೆವರುತ್ತಿರುವಾಗ, ಅಯ್ಯನವರು ಹತ್ತಿರ ಹೋಗದೆಯೇ ಗಾಳಿಯನ್ನು ಮೂಸಿ, "ಬಿಸಿ ಇಂಜಿನ್ನಿಗೆ ಚೋಕ್ ಎಳೆದಿರಲ್ಲ ಮೇಷ್ಟ್ರೇ, ಉಣ್ಣಿಸಿದ್ದು ಅತಿಯಾಯಿತು" ಎನ್ನುವರು. ಪೆಟ್ರೋಲಿನ ನಲ್ಲಿ ಮುಚ್ಚಿಸಿ, ಆಕ್ಸಿಲರೇಟರನ್ನು ಪೂರ್ತಿ ತೆರೆಯಿಸಿ, ಹೆಚ್ಚಾದದ್ದನ್ನು ಹೊರಗೆ ಊದಿಸುವರು. ವಿಮಾನದಲ್ಲಿ ಇದೇ ಅವಸ್ಥೆಗೆ ಸ್ವಿಚ್ಚು ತೆಗೆದು ಪ್ರೊಪೆಲರನ್ನು ಹಿಂದುಮುಂದಾಗಿ ತಿರುಗಿಸುತ್ತಿದ್ದೆವೆಂದು ಹೇಳುತ್ತಿರುವಾಗಲೇ ಸ್ಕೂಟರು ಹೊತ್ತಿಕೊಂಡು ಮೇಷ್ಟರು ಪಲಾಯನ ಮಾಡಿರುತ್ತಾರೆ. ಡೀಸೆಲ್ ಬಸ್ಸುಗಳ ವಿಷಯದಲ್ಲಿ ಮಾತ್ರ ಅವರಿಗೆ ತಾತ್ಸಾರ. ಕಿಡಿಯೇ ಇಲ್ಲದೆ, ಗಾಳಿಯನ್ನು ಅದುಮಿ ಅದುಮಿ ಕಾಯಿಸಿ ಹೊತ್ತಿಸುವ ಯಂತ್ರದಲ್ಲಿ ಸಂಸ್ಕಾರವೇನಿದೆಯೆಂದು ಬಸ್‌ಸ್ಟ್ಯಾಂಡಿನಲ್ಲಿ ಡ್ರೈವರನನ್ನೇ ಕೇಳುವರು.

ಈ ಬಡಿವಾರದೊಳಗೆ ಒಂದು ಭಯವೂ ಅಡಗಿದೆ. ಅದನ್ನು ನಾನು ಹಾಸ್ಯಮಾಡಲಾರೆ. ತಿರುಗತಕ್ಕ ಯಾವ ವಸ್ತುವಿನ ಎದುರಿಗೂ ಅವರು ನಿಲ್ಲುವುದಿಲ್ಲ. ಮನೆಯ ದೀಪದ ಸ್ವಿಚ್ಚು ತಂತಿಯ ಸಂಬಂಧವನ್ನು ಕಡಿದು ವಿದ್ಯುತ್ತನ್ನು ನಿಲ್ಲಿಸುತ್ತದೆ. ವಿಮಾನದ ಇಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋವಿನ ಸ್ವಿಚ್ಚಾದರೋ ತಂತಿಯನ್ನು ಇಂಜಿನ್ನಿನ ಮೈಗೆ ಜೋಡಿಸಿ ಕಿಡಿಯನ್ನು ಅಡಗಿಸತಕ್ಕದ್ದು. ಆ ತಂತಿಯೊಂದು ತುಂಡಾಗಿದ್ದರೆ, ಸ್ವಿಚ್ಚು ಆಫ್ ಎಂದು ತೋರಿಸುತ್ತಿರುವಾಗಲೂ ಪ್ರೊಪೆಲರಿಗೆ ಕೈ ತಗುಲಿದ ಮಾತ್ರದಿಂದ ಇಂಜಿನ್ನು ಎಚ್ಚೆತ್ತು ತೋಳನ್ನೇ ಕೊಂಡೊಯ್ಯಬಹುದು. ಆದ್ದರಿಂದಲೇ ಸೊಸೈಟಿ ಕಚೇರಿಯ ಮೇಜಿನ ಫ್ಯಾನನ್ನು ಕೂಡ, ಕರೆಂಟು ಹೋಗಿರುವಾಗಲೂ, ಅವರು ಪಕ್ಕದಿಂದಲೇ ಸಮೀಪಿಸುವರು.

ಊರಿನ ಭಜನಾಮಂಡಳಿ, ವಾಚನಾಲಯ, ಯುವಕ ಸಂಘ ಇವೆಲ್ಲ ಆರಂಭವಾದದ್ದು ಇವರಿಂದಲೇ. ಎರಡನೆಯ ಸಭೆಯಲ್ಲಿ ಇವರನ್ನು ಕಂಡವರಿಲ್ಲ. ಸ್ವಗೃಹದಲ್ಲಿ ಮಾತ್ರ ಈ ವಿದ್ಯೆ ನಡೆಯದು. ಬೆಳಗ್ಗೆ ಅವರ ಪತ್ನಿ ಪಂಪ್ ಸ್ಟವ್ವಿನ ಬಟ್ಟಲಿಗೆ ಚೂರು ಸೀಮೆಎಣ್ಣೆ ಹಾಕಿ, ಕಡ್ಡಿ ಗೀರಿ, ಬರ್ನರು ಕಾಯುವವರೆಗೆ ಕಾಫಿಪುಡಿಯ ಡಬ್ಬಿ ಹುಡುಕಿ, ಸರಿಯಾದ ಗಳಿಗೆಯಲ್ಲಿ ಪಂಪು ಒತ್ತಿದರೆ, ನೀಲಿ ಉರಿ ತಪ್ಪದೆ ಏಳುವುದು. ಬಾಗಿಲಲ್ಲಿ ನಿಂತ ಅಯ್ಯನವರು ಬಾಯಿ ತೆರೆಯುವಷ್ಟರಲ್ಲಿ ಆಕೆ, "ಸ್ವಲ್ಪ ಆಚೆ ನಿಂತ್ಕೊಳ್ಳಿ, ಬೆಳಕಿಗೆ ಅಡ್ಡ" ಎನ್ನುವರು.

ಒಂದು ಸಂಜೆ ಟೀ ಅಂಗಡಿಯ ಜಗಲಿಯ ಮೇಲೆ ಬಾವಿಯ ಒಕ್ಕಲಿಗನೇ, ಬಹುದಿನಗಳಿಂದ ಮನಸ್ಸಿನಲ್ಲಿದ್ದ ಸಂದೇಹವನ್ನು ಹೊರಗೆಡಹಿದನು: ಇಷ್ಟು ವಿಮಾನ ಹೊರಡಿಸಿದ ಬುದ್ಧಿಯವರು ತಾವು ಎಂದಾದರೂ ಹತ್ತಿದ್ದುಂಟೋ? ಹತ್ತಿದ್ದುಂಟು. ಶಾಲೆಯ ಬೋಧಕರೊಬ್ಬರು ಬಲವಂತದಿಂದ ಪಕ್ಕದಲ್ಲಿ ಕೂರಿಸಿಕೊಂಡು ಜಕ್ಕೂರಿನ ಮೇಲೆ ಒಂದು ಸುತ್ತು ಹಾಕಿಸಿದ್ದರಂತೆ.

"ಹೆಂಗಿತ್ತು ಬುದ್ಧಿ?"

"ಫಸ್ಟ್‌ಕ್ಲಾಸು. ಒಂದೇ ಬೀಸಿಗೆ ಹೊತ್ತಿಕೊಂಡಿತು."

"ಅದಲ್ಲ, ಮೇಲ್ಗಡೆಯಿಂದ? ಊರೆಲ್ಲ ಕಂಡಿರ್ಬೇಕಲ್ಲ?"

ಅಯ್ಯನವರು ಲೋಟವನ್ನು ಕೆಳಗಿಟ್ಟು, ಪ್ರಶ್ನೆಯ ಅಸಂಬದ್ಧತೆಗೆ ಒಂದು ಕ್ಷಣ ವ್ಯಸನಪಟ್ಟು, "ಊರು ನೋಡೋಕೆ ಪುರುಸೊತ್ತೆಲ್ಲಿತ್ತಯ್ಯ? ನಾನು ಆಯಿಲ್ ಪ್ರೆಶರ್ ಮುಳ್ಳು ನೋಡ್ತಾ ಕೂತಿದ್ದೆ" ಎಂದರು.